ಅಡುಗೆಮನೆ ಪ್ರಶ್ನೋತ್ತರ: ಹಿಟ್ಟು ಕೈಗೆ ಅಂಟಿದರೆ ಅಂಟಲಿ

ಬ್ರೆಡ್ ಬಗ್ಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಮನೆಯಲ್ಲಿ ಮಾಡಿದ್ದು ಬೇಕರಿಯದರ ಹಾಗೆ ಮೆತ್ತಗೆ ಬರುವುದಿಲ್ಲ. ಹಾಗಾಗಿ ಈ ಸಲ ಹಾಲು, ಬೆಣ್ಣೆ, ಸಕ್ಕರೆ ಬೀಳುವ ಬಿಳಿ ಬ್ರೆಡ್ಡಿಗೇ ಪೂರ್ತಿ ಜಾಗ ಬಿಟ್ಟಿದ್ದೇವೆ.

ಪ್ರಶ್ನೆ: ಬ್ರೆಡ್ ಬಿಸಿ ಇರುವಾಗ ಪರವಾಗಿಲ್ಲ, ಸಂಜೆ ಹೊತ್ತಿಗೆ ಇಟ್ಟಿಗೆ. ಕಾಲು ಕೆ.ಜಿ. ಮೈದಾಗೆ ಎರಡು ಟೀ ಚಮಚ ಯೀಸ್ಟ್, 50 ಗ್ರಾಂ ಬೆಣ್ಣೆ ಹಾಕುತ್ತೇನೆ. ಹಿಟ್ಟು ವಿಪರೀತ ಅಂಟುವುದರಿಂದ ನಾದುವಾಗ ಒಂದೆರಡು ಹಿಡಿ ಮೈದಾ ಉದುರಿಸಿಕೊಳ್ಳುತ್ತೇನೆ. ಎಲ್ಲಿ ತಪ್ಪುತ್ತಿದೆ? — ದಾವಣಗೆರೆಯ ಓದುಗರು

ಉತ್ತರ: ಆ ಒಂದೆರಡು ಹಿಡಿಯಲ್ಲೇ. ಒಂದು ಹಿಡಿ ಮೈದಾ ಕಡಿಮೆಯೆಂದರೂ 30 ಗ್ರಾಂ ತೂಗುತ್ತದೆ. ಎರಡು ಹಿಡಿ ಬಿತ್ತೆಂದರೆ 250 ಗ್ರಾಂ ಇದ್ದದ್ದು 310 ಆಯಿತು, ಹಾಲು ಮಾತ್ರ ಮೊದಲಿದ್ದಷ್ಟೇ. ಚಪಾತಿ ಕಲಸಿ ಪಳಗಿದ ಕೈ ಅಂಟು ಕಂಡ ಕೂಡಲೇ ಹಿಟ್ಟಿನ ಡಬ್ಬಕ್ಕೆ ಹೋಗುತ್ತದೆ. ಬ್ರೆಡ್ ಹಿಟ್ಟು ಚಪಾತಿ ಹಿಟ್ಟಿನ ಜಾತಿಯದಲ್ಲ, ಹೋಳಿಗೆ ಕಣಕದ ಜಾತಿಯದು. ಮೊದಲು ಅಂಟಿ ಗೋಳು ಹುಯ್ದುಕೊಳ್ಳುತ್ತದೆ, ನಾದಿದ ಮೇಲೆ ಎಳೆದಷ್ಟೂ ಬರುತ್ತದೆ. ಇನ್ನು ಯೀಸ್ಟ್ ಹೆಚ್ಚಿಸಿದರೆ ಹಿಟ್ಟು ಬೇಗ ಉಬ್ಬುತ್ತದೆಯೇ ಹೊರತು ಬ್ರೆಡ್ ಮೆತ್ತಗಾಗುವುದಿಲ್ಲ. ಬೇಗ ಒಣಗುತ್ತದೆ, ವಾಸನೆಯೂ ಉಳಿಯುತ್ತದೆ.

8 ಇಂಚು ಉದ್ದ, 4 ಇಂಚು ಅಗಲದ ಟಿನ್ನಿಗೆ ಈ ಅಳತೆ ಹಿಡಿಯಿರಿ: ಒಟ್ಟು ಮೈದಾ 300 ಗ್ರಾಂ, ಹಾಲು ಸುಮಾರು 195 ಗ್ರಾಂ, ಸಕ್ಕರೆ 30 ಗ್ರಾಂ, ಬೆಣ್ಣೆ 30 ಗ್ರಾಂ, ಉಪ್ಪು 5 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಅಂದರೆ ಒಂದೂಕಾಲು ಟೀ ಚಮಚ. ಕಪ್ಪಿನ ಅಳತೆಯನ್ನು ನಂಬಬೇಡಿ. ಅದೇ ಕಪ್ಪಿನಲ್ಲಿ ಒಬ್ಬರು 120 ಗ್ರಾಂ ಮೈದಾ ತುಂಬಿದರೆ ಇನ್ನೊಬ್ಬರು ಒತ್ತಿ 150 ತುಂಬುತ್ತಾರೆ. ಚಿಕ್ಕ ಡಿಜಿಟಲ್ ತಕ್ಕಡಿ ಒಂದಿದ್ದರೆ ಅರ್ಧ ತಾಪತ್ರಯ ಅಲ್ಲೇ ಮುಗಿಯಿತು. ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟೆಂದು ಬರೆದಿರುತ್ತದೆ. ನೂರು ಗ್ರಾಮಿಗೆ 11 ಅಥವಾ ಹೆಚ್ಚಿರುವ ಮೈದಾ ಆರಿಸಿ. 9ರ ಆಸುಪಾಸಿನದು ಬಿಸ್ಕತ್ತಿಗೆ ಸರಿ, ಬ್ರೆಡ್ಡನ್ನು ಎತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ.

ಮೊದಲು ಗಂಜಿ. 300 ಗ್ರಾಂ ಮೈದಾದಲ್ಲಿ 20 ಗ್ರಾಂ ತೆಗೆದು, 100 ಗ್ರಾಂ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಿ. ಎರಡು ಮೂರು ನಿಮಿಷದಲ್ಲಿ, ಸುಮಾರು 65 ಡಿಗ್ರಿಗೆ, ಅದು ಮಕ್ಕಳಿಗೆ ತಿನ್ನಿಸುವ ರಾಗಿ ಸರಿಯ ಹದಕ್ಕೆ ಬರುತ್ತದೆ. ಸೌಟು ಎಳೆದ ಗೆರೆ ತಳದಲ್ಲಿ ಒಂದು ಕ್ಷಣ ನಿಂತರೆ ಒಲೆ ಆರಿಸಿ, ಪೂರ್ತಿ ತಣಿಸಿ. ಜಪಾನ್, ತೈವಾನ್ ಕಡೆಯ ಹಾಲಿನ ಬ್ರೆಡ್ಡಿನಲ್ಲಿ ಇದೇ ಉಪಾಯ, ತಂಗ್‌ಝೋಂಗ್ ಎನ್ನುತ್ತಾರೆ. ಬೆಂದ ಪಿಷ್ಟ ಹಸಿ ಪಿಷ್ಟಕ್ಕಿಂತ ಬಹಳ ಹೆಚ್ಚು ನೀರು ಹಿಡಿದಿಡುತ್ತದೆ. ಹಿಟ್ಟಿನಲ್ಲಿ ತೇವ ಜಾಸ್ತಿ ಇದ್ದರೂ ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಬ್ರೆಡ್ ಮೂರನೇ ದಿನಕ್ಕೂ ಮೆತ್ತಗಿರುತ್ತದೆ.

ಗಂಜಿ, ಉಳಿದ 280 ಗ್ರಾಂ ಮೈದಾ, ಸಕ್ಕರೆ, ಉಪ್ಪು, ಯೀಸ್ಟ್, 85 ಗ್ರಾಂ ಹಾಲು ಸೇರಿಸಿ ಒರಟಾಗಿ ಕಲಸಿ. ಒಣ ಹಿಟ್ಟು ಕಂಡರೆ ಉಳಿದ 10 ಗ್ರಾಂ ಹಾಲು ಹನಿಸಿ. ಹಾಲು ಉಗುರುಬೆಚ್ಚಗಿರಲಿ. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ. ಅದು ಕಾಯಿಸಿ ಆರಿಸಿದ ಹಾಲೇ ಆಗಿರಬೇಕು. ಹಸಿ ಹಾಲಿನ ಕೆಲವು ಪ್ರೋಟೀನುಗಳು ಹಿಟ್ಟಿನ ಬಿಗಿಯನ್ನು ಸಡಿಲಿಸುತ್ತವೆ, ಕುದಿ ಬಂದರೆ ಅವುಗಳ ಆಟ ಮುಗಿಯುತ್ತದೆ. ನಮ್ಮ ಮನೆಗಳಲ್ಲಿ ಹಾಲು ಕಾಯದೆ ಒಳಗೆ ಬರುವುದೇ ಇಲ್ಲವಲ್ಲ, ಆ ಚಿಂತೆ ಬೇಡ.

ಕಲಸಿದ್ದನ್ನು 20 ನಿಮಿಷ ಮುಚ್ಚಿಡಿ. ನೀವು ಸುಮ್ಮನೆ ಕೂತಿರುವಾಗಲೇ ನಾದುವ ಕೆಲಸದಲ್ಲಿ ಅರ್ಧ ಆಗಿರುತ್ತದೆ. ಆಮೇಲೆ ಅಂಗೈ ಬುಡದಿಂದ ಮುಂದಕ್ಕೆ ಉಜ್ಜಿ, ಮಡಚಿ, ತಿರುಗಿಸಿ, ಎಂಟು ನಿಮಿಷ ನಾದಿ. ಅಂಟಿದರೆ ಅಂಟಲಿ, ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ಒಟ್ಟು ಮಾಡಿಕೊಳ್ಳಿ. ಈಗ ಮೆದುವಾದ ಬೆಣ್ಣೆಯನ್ನು ಮೂರು ಕಂತಿನಲ್ಲಿ ಸೇರಿಸಿ. ಮೊದಲೇ ಹಾಕಿದರೆ ಜಿಡ್ಡು ಮೈದಾಕ್ಕೆ ಸುತ್ತಿಕೊಂಡು, ಹಿಟ್ಟಿಗೆ ಎಳೆತ ಕೊಡುವ ಗ್ಲುಟನ್ ಬೆಳೆಯಲು ಬಿಡುವುದಿಲ್ಲ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಚೂರುಚೂರಾಗಿ ಜಾರುತ್ತದೆ, ಕೆಟ್ಟಿತೆಂದು ಅನ್ನಿಸುವುದು ಇಲ್ಲೇ. ಮೂರು ನಾಲ್ಕು ನಿಮಿಷ ನಾದುತ್ತಲೇ ಇದ್ದರೆ ತಾನಾಗಿ ಕೂಡಿಕೊಂಡು ನಯವಾಗುತ್ತದೆ. ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು, ಎಣ್ಣೆ ಸವರಿದ ಬೆರಳುಗಳಿಂದ ನಾಲ್ಕೂ ಕಡೆ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ಪರದೆಯಾಗಿ ನಿಂತು ಆಚೆಗಿನ ಬೆರಳು ಮಸುಕಾಗಿ ಕಾಣಿಸಿದರೆ ಹದ ಬಂದಿದೆ. ತೂತಿನ ಅಂಚು ಗರಗಸದಂತೆ ಹರಿದರೆ ಇನ್ನೂ ಮೂರು ನಿಮಿಷ ನಾದಿ.

ದುಪ್ಪಟ್ಟಾಗಲು ಬಿಡಿ. 28 ಡಿಗ್ರಿಯ ಮನೆಯಲ್ಲಿ ಸುಮಾರು ಒಂದು ಗಂಟೆ. ಗಾಳಿ ಅದುಮಿ ತೆಗೆದು, ತಲಾ 180 ಗ್ರಾಮಿನಂತೆ ಮೂರು ಉಂಡೆ ಮಾಡಿ ಹತ್ತು ನಿಮಿಷ ಬಿಡಿ. ಪ್ರತಿಯೊಂದನ್ನೂ ಉದ್ದಕ್ಕೆ ಲಟ್ಟಿಸಿ, ಎರಡೂ ಬದಿ ಒಳಕ್ಕೆ ಮಡಚಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಸೇರಿಕೆ ಕೆಳಗೆ ಬರುವಂತೆ ಟಿನ್ನಿನಲ್ಲಿಡಿ. ಹಿಟ್ಟಿನ ಬೆನ್ನು ಟಿನ್ನಿನ ಅಂಚಿನಿಂದ ಅರ್ಧದಿಂದ ಒಂದು ಇಂಚು ಮೇಲೆ ಬಂದಾಗ ಹಾಲು ಸವರಿ ಓವನ್ನಿಗೆ: 180 ಡಿಗ್ರಿ, 30ರಿಂದ 35 ನಿಮಿಷ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆಯಲ್ಲಿ ಹಿಟ್ಟು ನೋಡನೋಡುತ್ತಲೇ ಉಬ್ಬುತ್ತದೆ, ಓವನ್ನಿಗೆ ಇಟ್ಟರೆ ನಡುವೆ ಕುಸಿಯುತ್ತದೆ. ಹೆಂಡದ ವಾಸನೆ ಬೇರೆ. ಪುಸ್ತಕದಲ್ಲಿ ಹೇಳಿದಂತೆ ಒಂದು ಗಂಟೆಯೇ ಇಟ್ಟಿದ್ದೆ. — ರಾಯಚೂರಿನ ಓದುಗರು

ಉತ್ತರ: ಪುಸ್ತಕದ ಒಂದು ಗಂಟೆ ನಿಮ್ಮ ಊರಿನ 40 ಡಿಗ್ರಿಗೆ ಹೇಳಿದ್ದಲ್ಲ. ಅಷ್ಟು ಸೆಕೆಯಲ್ಲಿ ಅರ್ಧ ಗಂಟೆಗೇ ಹಿಟ್ಟು ದುಪ್ಪಟ್ಟಾಗಿ, ಮುಂದೆ ಉಬ್ಬಿ ಉಬ್ಬಿ ಒಳಗಿನ ಪರದೆಗಳು ತೆಳುವಾಗಿ, ಓವನ್ನಿನ ಬಿಸಿ ತಾಗಿದಾಗ ಹರಿದು ಕೂರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹಾಲು ಫ್ರಿಜ್ಜಿನಿಂದ ನೇರವಾಗಿ ಬರಲಿ, ಯೀಸ್ಟ್ ಎರಡೂವರೆ ಗ್ರಾಮಿಗೆ ಇಳಿಯಲಿ. ನಾದಿ ಮುಗಿದಾಗ ಹಿಟ್ಟು 26-27 ಡಿಗ್ರಿ ಇರಬೇಕು. ಮುಟ್ಟಿದರೆ ಬಿಸಿಯೂ ಅಲ್ಲ, ತಂಪೂ ಅಲ್ಲ ಅನ್ನಿಸುವಷ್ಟು.

ಗಡಿಯಾರದ ಬದಲು ಲೋಟ ನೋಡಿ. ನಾದಿದ ಹಿಟ್ಟಿನಿಂದ ಒಂದು ಚೂರು ತೆಗೆದು ನೇರ ಗೋಡೆಯ ಚಿಕ್ಕ ಗಾಜಿನ ಲೋಟದ ತಳಕ್ಕೆ ಒತ್ತಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಪಾತ್ರೆಯ ಪಕ್ಕದಲ್ಲೇ ಇಡಿ. ಅದು ದುಪ್ಪಟ್ಟಾದಾಗ ಪಾತ್ರೆಯದೂ ಆಗಿರುತ್ತದೆ. ಟಿನ್ನಿನಲ್ಲಿ ಎರಡನೇ ಸಲ ಉಬ್ಬುವಾಗ ಬೆರಳಿಗೆ ಮೈದಾ ಮುಟ್ಟಿಸಿ ಮೆಲ್ಲಗೆ ಒತ್ತಿ. ಗುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ತುಂಬಿದರೆ ಓವನ್ನಿಗೆ ಹೊತ್ತು. ಹಾಗೆಯೇ ನಿಂತರೆ ಮೀರಿದೆ. ಮೀರಿದ್ದನ್ನು ಬೇಯಿಸಬೇಡಿ. ಹೊರಗೆ ತೆಗೆದು ಗಾಳಿ ಅದುಮಿ, ಮತ್ತೆ ಸುತ್ತಿ ಇನ್ನೊಮ್ಮೆ ಉಬ್ಬಿಸಿ, ಒಂದು ಸಲಕ್ಕೆ ಅದು ಕ್ಷಮಿಸುತ್ತದೆ.

ಮಡಿಕೇರಿ, ಚಿಕ್ಕಮಗಳೂರು ಕಡೆಯ ಚಳಿಗಾಲದಲ್ಲಿ ಇದಕ್ಕೆ ಉಲ್ಟಾ. ಆರಿಸಿದ ಓವನ್ನಿನೊಳಗೆ ಒಂದು ಪಾತ್ರೆ ಬಿಸಿನೀರಿನ ಪಕ್ಕ ಟಿನ್ ಇಟ್ಟು ಬಾಗಿಲು ಹಾಕಿ.

ಪ್ರಶ್ನೆ: ಒಟಿಜಿಯಲ್ಲಿ, ಅಂದರೆ ಮೇಲೆ ಕೆಳಗೆ ರಾಡಿರುವ ಚಿಕ್ಕ ಕರೆಂಟ್ ಓವನ್ನಿನಲ್ಲಿ, ಹದಿನೈದೇ ನಿಮಿಷಕ್ಕೆ ಮೇಲ್ಭಾಗ ಕಪ್ಪಾಗುತ್ತದೆ, ಕೊಯ್ದರೆ ಒಳಗೆ ಹಸಿ. ಕೆಲವೊಮ್ಮೆ ಚೆನ್ನಾಗಿ ಬಂದದ್ದೂ ಹೊರಗಿಟ್ಟ ಮೇಲೆ ಬದಿಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ. — ತುಮಕೂರಿನ ಓದುಗರು

ಉತ್ತರ: ಚಿಕ್ಕ ಒಟಿಜಿಯಲ್ಲಿ ಉಬ್ಬಿದ ಬ್ರೆಡ್ಡಿಗೂ ಮೇಲಿನ ರಾಡಿಗೂ ಎರಡು ಇಂಚು ಅಂತರವೂ ಇರುವುದಿಲ್ಲ. ಜಾಲರಿಯನ್ನು ಅತಿ ಕೆಳಗಿನ ಸಾಲಿಗೆ ಇಳಿಸಿ, ಎರಡೂ ರಾಡ್ ಹಾಕಿ, 15 ನಿಮಿಷ ಮೊದಲೇ ಕಾಯಿಸಿ. ಬಣ್ಣ ಬಂದ ಕೂಡಲೇ, ಸುಮಾರು 18ನೇ ನಿಮಿಷಕ್ಕೆ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿ. ಹಾಲು, ಸಕ್ಕರೆ ಇರುವ ಹಿಟ್ಟು ಬೇಗ ಕೆಂಪಾಗುವುದು ಸಹಜ, ಬಣ್ಣ ನೋಡಿ ಬೆಂದಿದೆ ಅಂದುಕೊಳ್ಳಬಾರದು. ಅಡುಗೆ ಥರ್ಮಾಮೀಟರಿನ ಕಡ್ಡಿ ಬ್ರೆಡ್ಡಿನ ನಡುಮಧ್ಯ 90ರಿಂದ 93 ಡಿಗ್ರಿ ತೋರಿಸಬೇಕು. ಒಟಿಜಿಯ ಗುಂಡಿ ಹೇಳುವ 180 ನಿಜವಾಗಿ 160 ಅಥವಾ 200 ಇರುವುದೂ ಉಂಟು. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ದುಬಾರಿಯಲ್ಲ, ಇಟ್ಟುಕೊಳ್ಳಿ.

ಬದಿ ಸೆಳೆಯಲು ಕಾರಣ ಎರಡು: ಐದು ನಿಮಿಷ ಕಡಿಮೆ ಬೆಂದಿರುತ್ತದೆ, ಇಲ್ಲವೇ ಟಿನ್ನಿನಲ್ಲೇ ಆರಲು ಬಿಟ್ಟು ಹಬೆ ಗೋಡೆಗೆ ಕೂತಿರುತ್ತದೆ. ಓವನ್ನಿನಿಂದ ತೆಗೆದ ಕೂಡಲೇ ಟಿನ್ನನ್ನು ಅರ್ಧ ಅಡಿ ಎತ್ತರದಿಂದ ಕಟ್ಟೆಯ ಮೇಲೆ ಒಮ್ಮೆ ಧಡಕ್ಕನೆ ಬೀಳಿಸಿ. ಒಳಗಿನ ಹಬೆ ಹೊರಬಿದ್ದು ಆಕಾರ ನಿಲ್ಲುತ್ತದೆ. ಐದು ನಿಮಿಷದೊಳಗೆ ಟಿನ್ನಿನಿಂದ ಬಿಡಿಸಿ ಜಾಲರಿಯ ಮೇಲಿಡಿ. ಕೊಯ್ಯಲು ಒಂದೂವರೆ ಗಂಟೆ ಕಾಯಲೇಬೇಕು. ಬಿಸಿಯಲ್ಲಿ ಕೊಯ್ದರೆ ಬೆಂದದ್ದೂ ಹಸಿಯಂತೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ.

ಪ್ರಶ್ನೆ: ಅಯ್ಯಂಗಾರ್ ಬೇಕರಿಯವರು ಮೊಟ್ಟೆ ಹಾಕದೆ ಅಷ್ಟು ಮೆತ್ತಗೆ ಹೇಗೆ ಮಾಡುತ್ತಾರೆ? ಏನಾದರೂ ಪುಡಿ ಸೇರಿಸುತ್ತಾರೆಯೇ? — ಹಾಸನದ ಓದುಗರು

ಉತ್ತರ: ನಿಮ್ಮ ಜಿಲ್ಲೆಯವರೇ ಬೆಂಗಳೂರಿಗೆ ಹೋಗಿ ಹಬ್ಬಿಸಿದ ಬೇಕರಿಗಳಲ್ಲವೇ ಅವು! ಬ್ರೆಡ್ ಮೆತ್ತಗಾಗಲು ಮೊಟ್ಟೆ ಬೇಕಿಲ್ಲ. ಮೊಟ್ಟೆ ಬಣ್ಣ, ರುಚಿ ಕೊಡುತ್ತದೆ. ಹಾಕುವ ಮನಸ್ಸಿದ್ದರೆ ಒಂದು ಮೊಟ್ಟೆಗೆ 40 ಗ್ರಾಂ ಹಾಲು ಕಡಿಮೆ ಮಾಡಿ. ಬೇಕರಿಯ ಅನುಕೂಲ ಬೇರೆ: ಯಂತ್ರದ ಬಿಗಿ ನಾದುವಿಕೆ, ಒಂದೇ ಸಮನೆ ಬಿಸಿ ಕೊಡುವ ದೊಡ್ಡ ಓವನ್, ಅಂದಂದೇ ಖಾಲಿಯಾಗುವ ಮಾಲು. ಪುಡಿಗಳ ವಿಷಯಕ್ಕೆ ಬಂದರೆ, ಹಿಟ್ಟಿಗೆ ಬಿಗಿ ಕೊಡಲು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿತು. ಪೊಟ್ಟಣದ ಬ್ರೆಡ್ ಮೇಲೆ ಕಾಣುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬೂಸು ತಡೆಯಲು ಹಾಕುವಂಥದ್ದು, ಮೆತ್ತಗಾಗುವುದಕ್ಕಲ್ಲ. ಮನೆಯಲ್ಲಿ ಬೇಕರಿಯ ಮೆತ್ತನೆಯ ಕಡೆಗೆ ಸ್ವಲ್ಪ ಸರಿಯಬೇಕೆಂದರೆ 15 ಗ್ರಾಂ ಹಾಲಿನ ಪುಡಿ ಸೇರಿಸಿ, ಸಾಕು.

ಪ್ರಶ್ನೆ: ಯೀಸ್ಟ್ ಬದಲು ಸೋಡಾ ಅಥವಾ ಈನೋ ಹಾಕಬಹುದೇ? — ಗದಗಿನ ಓದುಗರು

ಉತ್ತರ: ಆಗ ಅದು ಕೇಕಿನ ತಮ್ಮನಾಗುತ್ತದೆ. ಎಳೆ ಎಳೆಯಾಗಿ ಬಿಡಿಸಿಕೊಂಡು ಬರುವ ಒಳಮೈ ಸಿಗುವುದಿಲ್ಲ.

ಪ್ರಶ್ನೆ: ಓವನ್ ಇಲ್ಲ. ಕುಕ್ಕರಿನಲ್ಲಿ ಆಗುತ್ತದೆಯೇ? ಅರ್ಧ ಗೋಧಿಹಿಟ್ಟು ಹಾಕಬಹುದೇ? — ಶಿರಸಿಯ ಓದುಗರು

ಉತ್ತರ: ಕುಕ್ಕರಿಗೆ ದೊಡ್ಡ ಬ್ರೆಡ್ಡಿಗಿಂತ ಬನ್ನು ವಾಸಿ. ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತಪ್ಪದೆ ತೆಗೆದು, ತಳಕ್ಕೆ ಒಂದು ಪದರ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ಬನ್ನುಗಳ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 25 ನಿಮಿಷ. ಮೇಲೆ ಕೆಂಪು ಬರುವುದಿಲ್ಲ. ಬೆಣ್ಣೆ ಸವರಿದ ಕಾವಲಿಯ ಮೇಲೆ ಅರ್ಧ ನಿಮಿಷ ಬೋರಲು ಹಾಕಿ.

ಗೋಧಿಹಿಟ್ಟು ಮೂರನೇ ಒಂದು ಪಾಲಿನವರೆಗೆ ಸರಿ, ಜೊತೆಗೆ 15-20 ಗ್ರಾಂ ಹಾಲು ಹೆಚ್ಚಿಸಿ. ಅರ್ಧ ಹಾಕಿದರೆ ಹೊಟ್ಟಿನ ಚೂರುಗಳು ಹಿಟ್ಟಿನ ಎಳೆಗಳನ್ನು ಕತ್ತರಿಸುತ್ತವೆ, ಬ್ರೆಡ್ ತೂಕವಾಗುತ್ತದೆ.

ಪ್ರಶ್ನೆ: ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನವೇ ಒರಟು. ಹೊರಗಿಟ್ಟರೆ ಮಳೆಗಾಲದಲ್ಲಿ ಎರಡನೇ ದಿನಕ್ಕೆ ನಡುವೆ ಅಂಟಂಟಾಗಿ, ಕೊಳೆತ ಅನಾನಸಿನ ವಾಸನೆ. ಬೂಸು ಮಾತ್ರ ಇಲ್ಲ. — ಉಡುಪಿಯ ಓದುಗರು

ಉತ್ತರ: ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗುತ್ತದೆ. ಒಂದು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು, ಉಳಿದದ್ದನ್ನು ಹೋಳು ಮಾಡಿ ಗಾಳಿಯಾಡದ ಚೀಲದಲ್ಲಿ ಫ್ರೀಜರಿಗೆ ಹಾಕಿ. ಬೇಕಾದಾಗ ನೇರ ಕಾವಲಿಗೆ.

ಎರಡನೆಯದು ಬೂಸಲ್ಲ, ನೂಲು ರೋಗ. ಹೋಳನ್ನು ಮುರಿದು ಮೆಲ್ಲಗೆ ಅಗಲಿಸಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಮಣ್ಣಿನಿಂದ ಗೋಧಿಗೆ, ಗೋಧಿಯಿಂದ ಮೈದಾಕ್ಕೆ ಬರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಇದು. ಬ್ರೆಡ್ಡಿನ ಒಳಮೈ ಓವನ್ನಿನಲ್ಲೂ ನೂರು ಡಿಗ್ರಿ ಮುಟ್ಟುವುದಿಲ್ಲ, ಆದ್ದರಿಂದ ಅದರ ಬೀಜಕಗಳು ಬದುಕುಳಿದು ಸೆಕೆ, ತೇವ ಸಿಕ್ಕಾಗ ಮೊಳೆಯುತ್ತವೆ. ಅಂಥ ಬ್ರೆಡ್ಡನ್ನು ಟೋಸ್ಟ್ ಮಾಡಿದರೂ ತಿನ್ನಬೇಡಿ, ದನಕ್ಕೂ ಹಾಕಬೇಡಿ. ಹುಳಿಯಲ್ಲಿ ಅದು ಬೆಳೆಯಲಾರದು. ಮಳೆಗಾಲದುದ್ದಕ್ಕೂ 300 ಗ್ರಾಂ ಮೈದಾಗೆ ಒಂದು ಟೀ ಚಮಚ ವಿನೆಗರನ್ನು ಹಾಲಿಗೆ ಬೆರೆಸದೆ ಹಿಟ್ಟಿಗೇ ಹಾಕಿ, ರುಚಿಗೆ ಗೊತ್ತಾಗುವುದಿಲ್ಲ. ಪೂರ್ತಿ ಆರುವ ಮೊದಲು ಚೀಲಕ್ಕೆ ತುಂಬಬೇಡಿ. ಟಿನ್, ನಾದುವ ಕಟ್ಟೆ, ಚಾಕು, ಬ್ರೆಡ್ ಡಬ್ಬ ಎಲ್ಲವನ್ನೂ ವಿನೆಗರಿನಲ್ಲಿ ಒರೆಸಿ ಬಿಸಿಲಿಗಿಡಿ. ಆ ಮೈದಾ ಪೊಟ್ಟಣದಲ್ಲಿ ಉಳಿದದ್ದನ್ನು ಬ್ರೆಡ್ಡಿಗೆ ಬಳಸದೆ ಅಂಟು ಕಾಯಿಸಲು ಎತ್ತಿಡಿ.