ಪಾರ್ಕಿಂಗ್ ಚೀಟಿ ಕಳೆದದ್ದಕ್ಕೆ 200 ರೂಪಾಯಿ ದಂಡ

ಮೈಸೂರಿನ ದೇವರಾಜ ಅರಸು ರಸ್ತೆಯ ಕಾಂಪ್ಲೆಕ್ಸ್‌ನಲ್ಲಿ ಸ್ಕೂಟರ್ ಪಾರ್ಕಿಂಗ್ ಚೀಟಿ ಕಳೆದದ್ದಕ್ಕೆ ನಿಮ್ಮಿಂದ ಕಿತ್ತ 200 ರೂಪಾಯಿ ವಾಪಸ್ ಸಿಗುತ್ತಾ ಅಂತ ಕೇಳಿದ್ದೀರಿ. ಈ ದಂಡ ಬಹುಶಃ ಪಾರ್ಕಿಂಗ್ ಗುತ್ತಿಗೆದಾರನೇ ಮಾಡಿಕೊಂಡ ನಿಯಮ. ಪೊಲೀಸರ ಚಲನ್ ಬೇರೆ, ಇದು ಬೇರೆ.

ಮೊದಲು ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ ಎತ್ತಿಡಿ. ಯುಪಿಐನಲ್ಲಿ ಕಟ್ಟಿದ್ದರೆ ಸ್ಕ್ರೀನ್‌ಶಾಟ್ ಸಾಕು. ಆಮೇಲೆ ಮತ್ತೊಮ್ಮೆ ಹೋಗಿ ಗೇಟಿನ ದರಪಟ್ಟಿಯ ಫೋಟೊ ತೆಗೆಯಿರಿ. ನನಗೆ ಬೇರೆ ಕಡೆ ಹೀಗೇ ಆದಾಗ, 'ಚೀಟಿ ಕಳೆದರೆ ದಂಡ' ಅನ್ನೋ ಸಾಲು ಬೋರ್ಡಿನ ತೀರಾ ಕೆಳಗೆ, ಹೂಕುಂಡದ ಹಿಂದೆ ಅಡಗಿತ್ತು! ಆ ಫೋಟೊ ತೋರಿಸಿದ ಮೇಲೇ ಮ್ಯಾನೇಜರ್ ದುಡ್ಡು ವಾಪಸ್ ಕೊಟ್ಟದ್ದು. ಗೇಟಿನ ಹುಡುಗನ ಹತ್ತಿರ ಜಗಳ ಬೇಡ, ಸುಮ್ನೆ ಬಾಯಿ ನೋವು.

ಕಾಂಪ್ಲೆಕ್ಸ್ ಆಫೀಸಿಗೆ ಬರೆದ ದೂರು ಕೊಡಿ. ಜೊತೆಗೆ ಆರ್‌ಸಿ ನಕಲು ಇರಲಿ, ಗಾಡಿ ನಿಮ್ಮದೇ ಅಂತ ಗೊತ್ತಾಗಬೇಕಲ್ವಾ. ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬೋರ್ಡಿನಲ್ಲಿ ದಂಡದ ಮೊತ್ತ ದೊಡ್ಡದಾಗಿ ಬರೆದಿದ್ದರೆ ಮಾತ್ರ ವಾಪಸ್ ಸಿಗೋದು ಸ್ವಲ್ಪ ಕಷ್ಟ.

ಒಂದು ವಾರದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, 2 ವರ್ಷದೊಳಗೆ ದೂರು ಹಾಕಬೇಕು.