ಪತ್ತೇದಾರಿ ಬರವಣಿಗೆ: ಅಜ್ಜಿಯ ಹಳೇ ಕೇಸನ್ನು ಯಾವ ಪುಟದಲ್ಲಿ ಬಿಚ್ಚಬೇಕು?

ಪ್ರಶ್ನೆ: ನನ್ನ ಕಾದಂಬರಿಯ ನಾಯಕಿಗೆ 78 ವರ್ಷ. 50 ವರ್ಷದ ಹಿಂದೆ ಗಂಡನಿಗೆ ವಿಷ ಹಾಕಿದಳೆಂಬ ಕೇಸಿನಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದವಳು. ಈಗ ಪಕ್ಕದ ಮನೆಯ ಮುದುಕ ಸತ್ತಿದ್ದಾನೆ. ಹಳೆಯ ಕೇಸನ್ನು ಕೊನೆಯ ಅಧ್ಯಾಯದವರೆಗೆ ಮುಚ್ಚಿಟ್ಟೆ. ಓದಿದವರು ‘ಇದು ಮೋಸ’ ಎಂದರು. ಎಲ್ಲಿ ಹೇಳಲಿ?

ಉತ್ತರ: ಅವರು ಹೇಳಿದ್ದು ಸರಿ. ಅಂಥ ಕೇಸಿನ ಕುಖ್ಯಾತಿ ಊರಿಗೆಲ್ಲ ಗೊತ್ತೇ ಇರುತ್ತದೆ. ಊರಿಗೆ ಗೊತ್ತಿರುವುದನ್ನು ಓದುಗರಿಗೆ ಮಾತ್ರ ಹೇಳದಿದ್ದರೆ ಅವರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಗುತ್ತದೆ. 300 ಪುಟದ ಕಾದಂಬರಿಯಾದರೆ ಮೊದಲ 30 ಪುಟದೊಳಗೆ ಕೇಸಿನ ಸುದ್ದಿ ಬಂದುಬಿಡಲಿ. ಅದೂ ಅಜ್ಜಿಯ ಬಾಯಿಂದ ಬೇಡ, ಅವಳು ಎದುರಾದಾಗ ಮಾತು ನಿಲ್ಲಿಸುವವರ ಬಾಯಿಂದ ಬರಲಿ. ಆ ಕೇಸಿನಲ್ಲಿ ಎಲ್ಲರೂ ತಪ್ಪಾಗಿ ನಂಬಿಕೊಂಡು ಬಂದ ಒಂದೇ ಒಂದು ಸಣ್ಣ ಸಂಗತಿಯನ್ನು ಮಾತ್ರ ಬಚ್ಚಿಡಿ.

ಗ್ಲಾಸ್ಗೋದ ಮ್ಯಾಡಲಿನ್ ಸ್ಮಿತ್ ಪ್ರಕರಣ ನೋಡಿ. ಪ್ರಿಯಕರನಿಗೆ ಆರ್ಸೆನಿಕ್ ವಿಷ ಕೊಟ್ಟಳೆಂದು 1857ರಲ್ಲಿ ವಿಚಾರಣೆ ನಡೆಯಿತು. ಆರ್ಸೆನಿಕ್ ಕೊಂಡದ್ದಕ್ಕೆ ಅಂಗಡಿಯ ರಿಜಿಸ್ಟರಿನಲ್ಲಿ ಅವಳ ಸಹಿಯೇ ಇತ್ತು. ಆದರೂ ಬಂದದ್ದು ‘ಸಾಬೀತಾಗಿಲ್ಲ’ ಎಂಬ ಆಗಿನ ಸ್ಕಾಟ್ಲೆಂಡಿನ ವಿಶಿಷ್ಟ ತೀರ್ಪು: ಬಿಡುಗಡೆ ಸಿಕ್ಕಿತು, ಅನುಮಾನ ಉಳಿಯಿತು. ಅವಳ ಪ್ರೇಮಪತ್ರಗಳಲ್ಲಿ ಹಲವಕ್ಕೆ ಪೂರ್ತಿ ತಾರೀಖೇ ಇರಲಿಲ್ಲ. ಬರೆದ ದಿನ ತಿಳಿಯಲು ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಗತಿ. ತೀರ್ಪಾದ ಮೇಲೆ 70 ವರ್ಷ ಬದುಕಿ, 1928ರಲ್ಲಿ ಅಮೆರಿಕದಲ್ಲಿ ತೀರಿಕೊಂಡಳು. ನಿಮ್ಮಂಥ ಕಾದಂಬರಿಗೆ ಆ ಲಕೋಟೆ ಚಿನ್ನದ ಗಣಿ. ಪತ್ರವನ್ನು 80ನೇ ಪುಟದಲ್ಲಿ ತೋರಿಸಿ, ಲಕೋಟೆಯನ್ನು 140ರಲ್ಲಿ ತೋರಿಸಿ. ಎರಡೂ ಅಕ್ಕಪಕ್ಕ ಬರುವುದು 250 ದಾಟಿದ ಮೇಲೆ. ಲಕೋಟೆಯ ಮಾತು ಬಂದ ಕೂಡಲೇ ಒಂದು ಜಗಳವೋ ಬಾಗಿಲ ಸದ್ದೋ ಬರಲಿ. ಓದುಗರ ಗಮನ ಜೋರಾಗಿ ಕೇಳಿಸಿದ ಕಡೆಗೇ ಹೋಗುತ್ತದೆ.

ಹೊಸಬರ ಹಸ್ತಪ್ರತಿ ಮುಗ್ಗರಿಸುವ ಇನ್ನೊಂದು ಜಾಗ ವಯಸ್ಸಿನ ಲೆಕ್ಕ. ಆಗ 45ರ ಇನ್ಸ್‌ಪೆಕ್ಟರ್ ಈಗ 95. ಬದುಕಿರುವ ಸಾಕ್ಷಿ ಬೇಕಿದ್ದರೆ ಆಗ 20-22ರ ಟೈಪಿಸ್ಟನ್ನೋ ನರ್ಸನ್ನೋ ಹಿಡಿಯಿರಿ. ಹುಟ್ಟಿದ ವರ್ಷ, ಕೇಸು ನಡೆದಾಗಿನ ವಯಸ್ಸು, ಈಗಿನ ವಯಸ್ಸು ಎಂದು ಮೂರು ಕಲಂ ಹಾಕಿ ಎಲ್ಲ ಪಾತ್ರಗಳನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: 50 ವರ್ಷದ ಹಿಂದೆ ಹೂತ ಶವದಲ್ಲಿ ವಿಷ ಸಿಗುತ್ತದೆಯೇ?

ಉತ್ತರ: ಆರ್ಸೆನಿಕ್ ಆದರೆ ಸಿಗಬಹುದು. ಅದು ಮೂಲಧಾತು, ಕೊಳೆತು ಹೋಗುವಂಥದ್ದಲ್ಲ. ಕೂದಲು ಮತ್ತು ಉಗುರಿನಲ್ಲಿ ಉಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ತುಂಡು ತುಂಡಾಗಿ ಪರೀಕ್ಷಿಸಿದರೆ ಯಾವ ತಿಂಗಳಲ್ಲಿ ಎಷ್ಟು ಒಳಹೋಗಿತ್ತು ಎಂಬ ಅಂದಾಜು ಸಿಗುತ್ತದೆ. ಆದರೆ ಮಣ್ಣಿನಲ್ಲೂ ಆರ್ಸೆನಿಕ್ ಇರುತ್ತದೆ, ನೀರಿನ ಜೊತೆ ಶವಕ್ಕೆ ಇಳಿಯಬಹುದು. ಅದಕ್ಕೇ ಸಮಾಧಿಯ ಸುತ್ತಲಿನ ಮಣ್ಣನ್ನೂ ಪರೀಕ್ಷೆಗೆ ಕಳಿಸುತ್ತಾರೆ. ಈ ಹೆಜ್ಜೆ ಬಿಟ್ಟರೆ ನಿಮ್ಮ ಕಾದಂಬರಿಯ ವಕೀಲರು ಒಂದೇ ಪ್ರಶ್ನೆಯಲ್ಲಿ ವರದಿಯನ್ನು ಬೀಳಿಸಬಲ್ಲರು. ಆ ಹೆಜ್ಜೆ ತಪ್ಪಿಹೋಗುವಂತೆ ನೀವೇ ಬೇಕೆಂದು ಬರೆಯುವುದೂ ಒಳ್ಳೆಯ ತಿರುವು.

ಪ್ರಶ್ನೆ: ವಯಸ್ಸಾದವರ ಮನೆಗೆ ಹೊಂದುವ ಒಂದು ಸುಳಿವು ಹೇಳುತ್ತೀರಾ?

ಉತ್ತರ: ಮಾತ್ರೆಯ ಡಬ್ಬಿ. ಮಕ್ಕಳು ತೆಗೆಯದಿರಲಿ ಎಂದು ಕೆಲವು ಡಬ್ಬಿಗಳಿಗೆ ಒತ್ತಿ ತಿರುಗಿಸುವ ಮುಚ್ಚಳ ಇರುತ್ತದೆ. ಸಂಧಿವಾತದ ಬೆರಳಿಗೆ ಅದು ದೊಡ್ಡ ಕಾಟ. ಹಾಗಾಗಿ ಎಷ್ಟೋ ಹಿರಿಯರು ಮುಚ್ಚಳವನ್ನು ಬಿಗಿ ಮಾಡದೆ ಸುಮ್ಮನೆ ಮೇಲೆ ಇಟ್ಟಿರುತ್ತಾರೆ. ನಿಮ್ಮ ಪಕ್ಕದ ಮನೆಯ ಮುದುಕನೂ ಹಾಗೇ ಇಡುತ್ತಿದ್ದ ಎಂದುಕೊಳ್ಳಿ. ಅವನು ಸತ್ತ ಬೆಳಿಗ್ಗೆ ಮುಚ್ಚಳ ‘ಟಕ್’ ಎಂದು ಬಿಗಿಯಾಗಿ ಕೂತಿದೆ. ರಾತ್ರಿ ಅದನ್ನು ಮುಟ್ಟಿದ ಬೆರಳು ಬೇರೆಯವರದು. ಇದನ್ನು ಮೊದಲು ಗಮನಿಸುವವಳು ನಿಮ್ಮ ಅಜ್ಜಿಯೇ ಆಗಲಿ, ಅವಳ ಬೆರಳಿಗೂ ಅದೇ ಕಾಟ. ಆದರೆ ಸಡಿಲ ಮುಚ್ಚಳ ಅದಕ್ಕಿಂತ ಮೊದಲೇ ಒಮ್ಮೆ, ಬೇರೇನೋ ಮಾತು ನಡೆಯುವಾಗ, ಓದುಗರ ಕಣ್ಣಿಗೆ ಬಿದ್ದಿರಬೇಕು.