ಮೈಸೂರಿನ ಎಲ್ಲ ಹೋಟೆಲ್‌ಗೂ 4.2 ಸ್ಟಾರ್ ಇದ್ದರೆ ಯಾವುದನ್ನು ನಂಬೋದು?

ನೀವು ಕೇಳಿರುವುದು ಇಷ್ಟು: ಊರು ದಾವಣಗೆರೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಸಿಕ್ಕಿ ಮೈಸೂರಿಗೆ ಬಂದು ಎರಡು ತಿಂಗಳಾಯಿತು, ಮೂರು ಹೊತ್ತೂ ಹೋಟೆಲ್ ಊಟ. ಮ್ಯಾಪ್ ತೆಗೆದರೆ ಎಲ್ಲದಕ್ಕೂ 4.1, 4.2, 4.3. ಯಾವ ರಿವ್ಯೂ ನಂಬಲಿ, ನಾನೇ ಬರೆಯಲು ಶುರು ಮಾಡಿದರೆ ಹೇಗೆ ಬರೆಯಲಿ, ರಾತ್ರಿ ಹತ್ತರ ಮೇಲೆ ಎಲ್ಲಿ ಉಣ್ಣಲಿ ಅಂತ.

ನಾನು ಪಂಪ್‌ಸೆಟ್ ಮಾರುವ ಕಂಪನಿಯ ಸೇಲ್ಸ್‌ನವನು. ಮೈಸೂರು, ನಂಜನಗೂಡು, ಮಂಡ್ಯ, ಕೆ.ಆರ್. ಪೇಟೆ ಅಂತ ಬೈಕಿನಲ್ಲಿ ಸುತ್ತುತ್ತಿರುತ್ತೇನೆ. ವಾರಕ್ಕೆ ಐದು ದಿನ ಹೊರಗೇ ಊಟ. ಎಂಟು ವರ್ಷದಿಂದ ತಿಂದದ್ದನ್ನೆಲ್ಲ ಬರೆದು ಹಾಕುತ್ತಿದ್ದೇನೆ. ಇದರಿಂದ ಒಂದು ರೂಪಾಯಿ ಬಂದಿಲ್ಲ, ಹೊಟ್ಟೆ ಮಾತ್ರ ಬಂದಿದೆ.

ನೇರವಾಗಿ ಹೇಳಿಬಿಡುತ್ತೇನೆ. ಸ್ಟಾರ್ ಬಿಡಿ, ಹೊತ್ತು ನೋಡಿ. ಬೆಳಿಗ್ಗೆ ಏಳೂವರೆಯ ಹೋಟೆಲ್ ಬೇರೆ, ಮಧ್ಯಾಹ್ನ ಮೂರೂವರೆಯ ಅದೇ ಹೋಟೆಲ್ ಬೇರೆ. ಆದರೆ ರಿವ್ಯೂ ಬರೆಯುವವರು ಎಷ್ಟು ಹೊತ್ತಿಗೆ ತಿಂದೆ ಅಂತ ಬರೆಯುವುದೇ ಅಪರೂಪ.

ಇದನ್ನು ನಾನು ಕಲಿತದ್ದು ಮುಖಭಂಗ ಆದ ಮೇಲೆ. ಐದಾರು ವರ್ಷದ ಹಿಂದೆ, ಮಾರ್ಚ್ ತಿಂಗಳ ಬಿಸಿಲಲ್ಲಿ, ಮೈಸೂರಿನದೇ ಒಂದು ಪುಟ್ಟ ಟಿಫನ್ ರೂಮಿಗೆ ಹೋದೆ. ಹೆಸರು ಬೇಡ. ಗಂಟೆ ಮೂರೂಮುಕ್ಕಾಲು. ಸೆಟ್ ದೋಸೆ ಹೇಳಿದೆ. ಬಂದದ್ದು ಮೇಲೆ ಒಣಗಿತ್ತು, ಒಳಗೆ ಹಸಿ ಹಿಟ್ಟು. ಚಟ್ನಿ ಹುಳಿ ಬಂದಿತ್ತು, ಬಾಯಿಗಿಡುವುದೇ ಬೇಡ, ಮೂಸಿದರೇ ಗೊತ್ತಾಗುತ್ತಿತ್ತು. ಅಲ್ಲೇ ಕೂತು ಫೋಟೋ ಸಮೇತ ಒಂದು ಸ್ಟಾರ್ ಒತ್ತಿದೆ. ‘ಜನ್ಮದಲ್ಲಿ ಹೋಗಬೇಡಿ’ ಅಂತಲೂ ಬರೆದೆ. ಅದಕ್ಕೆ ನಲವತ್ತು ಚಿಲ್ಲರೆ ಲೈಕ್ ಬಂತು. ನನಗೋ ಕೊಂಬು ಬಂದ ಹಾಗಾಯಿತು.

ಎರಡು ತಿಂಗಳು ಕಳೆದು ನಮ್ಮ ಡೀಲರ್ ಒಬ್ಬರು ‘ಬನ್ನಿ ಸಾರ್, ಒಳ್ಳೇ ತಿಂಡಿ ಕೊಡಿಸ್ತೀನಿ’ ಅಂತ ಬೆಳಿಗ್ಗೆ ಎಂಟಕ್ಕೆ ಅದೇ ಜಾಗಕ್ಕೆ ಎಳೆದುಕೊಂಡು ಹೋದರು. ಬೇಡ ಅನ್ನಲು ಆಗಲಿಲ್ಲ. ಅದೇ ಸೆಟ್ ದೋಸೆ. ಮೂರು ದೋಸೆ, ಮೈತುಂಬ ತೂತು, ಮುಟ್ಟಿದರೆ ಮೆತ್ತಗೆ. ಚಟ್ನಿಯಲ್ಲಿ ಕಾಯಿಯ ಸಿಹಿ ಹಾಗೇ ಇತ್ತು. ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಗಲ್ಲಾಪೆಟ್ಟಿಗೆ ಹತ್ತಿರ ನಿಂತಾಗ ತಡೆಯಲಾಗದೆ ಓನರ್‌ಗೆ ಹೇಳಿಯೇಬಿಟ್ಟೆ, ‘ಹೋದ ಸಲ ಮಧ್ಯಾಹ್ನ ಬಂದಿದ್ದೆ, ಚೆನ್ನಾಗಿರಲಿಲ್ಲ.’ ಅವರು ಚಿಲ್ಲರೆ ಎಣಿಸುತ್ತಲೇ, ‘ಮೂರು ಗಂಟೆ ಮೇಲಾ? ಆ ಹೊತ್ತಲ್ಲಿ ನಮ್ಮ ಅಂಗಡೀಲಿ ನಾನೇ ತಿನ್ನಲ್ಲ ಸಾರ್’ ಅಂದರು.

ನಗುವೂ ಬಂತು, ಕೋಪವೂ ಬಂತು. ತಾವೇ ತಿನ್ನದ್ದನ್ನು ನನಗೆ ಯಾಕೆ ಕೊಟ್ಟರು? ಅದು ತಪ್ಪೇ. ಆದರೆ ‘ಜನ್ಮದಲ್ಲಿ ಹೋಗಬೇಡಿ’ ಅನ್ನುವಷ್ಟು ದೊಡ್ಡ ತಪ್ಪಲ್ಲ. ರಿವ್ಯೂ ಅಳಿಸಲಿಲ್ಲ, ತಿದ್ದಿದೆ. ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಮಧ್ಯಾಹ್ನ ಕಾಫಿ ಕುಡಿದು ಎದ್ದು ಬನ್ನಿ ಅಂತ ಬರೆದು ಮೂರು ಸ್ಟಾರ್ ಮಾಡಿದೆ. ತಿದ್ದಿದ ಮೇಲೆ ಒಂದು ಲೈಕೂ ಬರಲಿಲ್ಲ ನೋಡಿ.

ಇದರಲ್ಲಿ ಗುಟ್ಟೇನಿಲ್ಲ. ದೋಸೆ ಹಿಟ್ಟು ಹಿಂದಿನ ಸಂಜೆ ರುಬ್ಬಿದ್ದು. ರಾತ್ರಿಯೆಲ್ಲ ಹುದುಗು ಬಂದು ಬೆಳಿಗ್ಗೆ ಹದವಾಗಿರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅದೇ ಹಿಟ್ಟು ಹುಳಿ. ಡಿಸೆಂಬರ್, ಜನವರಿಯ ಮೈಸೂರು ಚಳಿಯಲ್ಲಿ ಉಲ್ಟಾ, ಬೆಳಿಗ್ಗೆ ಆರಕ್ಕೆ ಹೋದರೆ ಇಡ್ಲಿ ಸ್ವಲ್ಪ ಗಟ್ಟಿಯೇ. ಕಾಯಿ ಚಟ್ನಿ ಬಿಸಿಲಿಗೆ ಬೇಗ ಕೆಡುತ್ತದೆ. ಇನ್ನು ಗ್ಯಾಸು. ಆ ಹತ್ತೊಂಬತ್ತು ಕೆಜಿಯ ಕಮರ್ಷಿಯಲ್ ಸಿಲಿಂಡರ್ ದುಡ್ಡು ಯಾರಿಗೂ ಸುಮ್ನೆ ಬರುವುದಿಲ್ಲ. ಜನ ಇಲ್ಲದ ಹೊತ್ತಲ್ಲಿ ಉರಿ ಇಳಿಸಿರುತ್ತಾರೆ. ಒಬ್ಬ ಗಿರಾಕಿ ಬಂದ ಅಂತ ಕಾವಲಿ ಕಾಯುವ ತನಕ ಕಾಯುವ ತಾಳ್ಮೆ ಯಾವ ಭಟ್ಟರಿಗೂ ಇಲ್ಲ.

ಕಾವಲಿ ಕಾಣುವ ಹೋಟೆಲ್ ಆದರೆ ಟೋಕನ್ ತಗೊಂಡು ಎರಡು ನಿಮಿಷ ಸುಮ್ನೆ ನಿಂತು ನೋಡಿ. ಭಟ್ಟರು ನೀರು ಚಿಮುಕಿಸುತ್ತಾರೆ, ಪೊರಕೆಯಲ್ಲಿ ಗುಡಿಸುತ್ತಾರೆ, ಹಿಟ್ಟು ಹುಯ್ಯುತ್ತಾರೆ. ನೀರು ಬಿದ್ದ ಕೂಡಲೇ ಚುರ್ ಅಂದು ಹನಿ ಓಡಿ ಆರಿದರೆ ಸರಿ. ನೀರು ನಿಧಾನಕ್ಕೆ ಕುದಿಯುತ್ತಾ ಕೂತಿದ್ದರೆ ಕಾವಲಿ ತಣ್ಣಗಾಗಿದೆ, ಆ ಸಾಲಿನ ದೋಸೆ ಬಿಳುಚಿಕೊಂಡು ಬರುತ್ತದೆ. ಭಾನುವಾರ ಬೆಳಿಗ್ಗೆ ಚಾಮುಂಡಿಪುರಂ ಗಾಯತ್ರಿ ಟಿಫನ್ ರೂಮ್ ಮುಂದೆ ನಿಂತ ಜನ ನೋಡಿದ್ದೀರಾ? ಹೊಸಬರಿಗೆ ಅದು ಕಾಟ, ನನಗೆ ಅದೇ ಗ್ಯಾರಂಟಿ. ಅಷ್ಟು ಜನ ಇದ್ದರೆ ಚಟ್ನಿ ಹಳೆಯದಾಗಲು ಟೈಮೇ ಸಿಗುವುದಿಲ್ಲ.

ಎಲ್ಲದಕ್ಕೂ 4.2 ಯಾಕೆ ಅಂದಿರಲ್ಲ. ಈಗ ಹೊಸ ರೆಸ್ಟೋರೆಂಟ್‌ಗಳಲ್ಲಿ ಟೇಬಲ್ ಮೇಲೇ ಕ್ಯೂಆರ್ ಕಾರ್ಡ್ ಇಟ್ಟಿರುತ್ತಾರೆ. ಬಿಲ್ ತಂದ ಹುಡುಗ ‘ಸಾರ್, ಒಂದು ಫೈವ್ ಸ್ಟಾರ್, ನನ್ನ ಹೆಸರು ಹಾಕಿ ಸಾರ್’ ಅಂತ ನಿಲ್ಲುತ್ತಾನೆ. ಒಂದು ಕಡೆ ನನಗೆ ಐಸ್‌ಕ್ರೀಮ್ ಆಸೆಯನ್ನೂ ತೋರಿಸಿದರು. ಆ ಹುಡುಗನ ಮುಖ ನೋಡಿ ಮೂರು ಒತ್ತಲು ಯಾರಿಗೆ ಮನಸ್ಸು ಬರುತ್ತದೆ? ಆದ್ದರಿಂದ ಸಪ್ಲೈಯರ್ ಹೆಸರು ಇರುವ, ಊಟದ ಹೆಸರು ಇಲ್ಲದ ರಿವ್ಯೂ ಕಂಡರೆ ದಾಟಿ ಹೋಗಿ. ಒಂದು ಸ್ಟಾರಿನವೂ ಬೇಡ, ಅವು ಹೆಚ್ಚಾಗಿ ಜಗಳದ ದಿನದವು. ಮೂರು ಸ್ಟಾರ್ ಕೊಟ್ಟವರದನ್ನು ಓದಿ. ಪಾಪ, ಅವರು ಯೋಚನೆ ಮಾಡಿ ಬರೆದಿರುತ್ತಾರೆ.

ಇನ್ನೊಂದು ತಮಾಷೆ. ಅರ್ಧ ರಿವ್ಯೂಗಳು ಬೇರೆ ಊರಿನ ನಾಲಿಗೆಯಿಂದ ಬಂದಿರುತ್ತವೆ. ನಜರ್‌ಬಾದ್‌ನ ಮೈಲಾರಿಯನ್ನೇ ತಗೊಳ್ಳಿ, 1938ರಿಂದ ನಡೆಯುತ್ತಿರುವ ಹೋಟೆಲ್. ಅಲ್ಲಿಯ ದೋಸೆ ಮೆತ್ತಗೆ, ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಅಷ್ಟೇ. ‘ಗರಿಗರಿ ಇಲ್ಲ, ಸಾಂಬಾರ್ ಕೊಡಲಿಲ್ಲ, ಒಳಗೆ ಕೆಂಪು ಚಟ್ನಿ ಇಲ್ಲ, ಇದೇನು ಮೈಸೂರು ಮಸಾಲೆ’ ಅಂತ ಗೊಣಗುವವರನ್ನು ನಾನೇ ಕಂಡಿದ್ದೇನೆ. ಮುಂಬೈಯಲ್ಲೋ ಬೆಂಗಳೂರಲ್ಲೋ ತಿಂದದ್ದನ್ನು ಇಲ್ಲಿ ಹುಡುಕಿದರೆ ಹೇಗೆ? ನೀವಂತೂ ದಾವಣಗೆರೆಯವರು. ನಿಮ್ಮ ಬೆಣ್ಣೆ ದೋಸೆಗೆ ಅಂಚು ಗರಿಯಾಗಬೇಕು, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ ಬೇಕು. ಬೆಣ್ಣೆ ಅನ್ನುವ ಹೆಸರು ಒಂದೇ ಅಂತ ಎರಡನ್ನೂ ತಕ್ಕಡಿಗೆ ಹಾಕಬೇಡಿ, ಇಬ್ಬರಿಗೂ ಅನ್ಯಾಯ. ಮದ್ದೂರು ವಡೆಗೂ ಇದೇ ಗತಿ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಹಾಕಿ ತಟ್ಟಿ ಕರಿದದ್ದು ಅದು. 1917ರಿಂದ ಮದ್ದೂರು ರೈಲ್ವೆ ಸ್ಟೇಷನ್‌ನಲ್ಲಿ ಮಾರುತ್ತಾ ಬಂದು ಹೆಸರಾಯಿತು. ಉದ್ದಿನ ವಡೆಯ ಹಾಗೆ ಉಬ್ಬಿಲ್ಲ ಅಂತ ಎರಡು ಸ್ಟಾರ್ ಕೊಟ್ಟವರಿದ್ದಾರೆ!

ಹೆಸರಿನ ಗೊಂದಲವೂ ಇದೆ. ಮೈಲಾರಿ ಅನ್ನುವ ಬೋರ್ಡು ಒಂದಲ್ಲ. ಮಂಡಿ ಮೊಹಲ್ಲಾದ ಅಕ್ಬರ್ ರೋಡಿನಲ್ಲಿ 1930ರಿಂದ ಮಟನ್ ಪಲಾವ್ ಹಾಕುತ್ತಿರುವ ಹನುಮಂತು ಹೋಟೆಲಿನ ಹೆಸರಲ್ಲೂ ಊರಲ್ಲಿ ಬೇರೆ ಬೇರೆ ಹೋಟೆಲ್‌ಗಳಿವೆ. ಜನ ಒಂದು ಕಡೆ ತಿಂದು ಇನ್ನೊಂದರ ಮೇಲೆ ಬರೆಯುತ್ತಾರೆ. ಆದ್ದರಿಂದ ಯಾವ ರಸ್ತೆ ಅಂತ ಮೊದಲು ನೋಡಿಕೊಳ್ಳಿ.

ಮಂಡ್ಯ ಕಡೆಗೆ ಹೋಗುವುದಾದರೆ ರಿವ್ಯೂ ಬರೆದ ತಾರೀಖು ನೋಡಲೇಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸ್ ಆದ ಮೇಲೆ ಕಾರುಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಊರೊಳಗೆ ಇಳಿಯುವುದು ಕಮ್ಮಿಯಾಯಿತು. ಹಳೇ ರೋಡಿನ ಹೋಟೆಲ್‌ಗಳಲ್ಲಿ ವೀಕೆಂಡ್ ಬಂತು ಅಂದರೆ ಸೀಟಿಗೆ ಕಾಯುತ್ತಿದ್ದೆವು. ಈಗ ಎಷ್ಟೋ ಕಡೆ ಸಪ್ಲೈಯರ್ ಬಾಗಿಲಲ್ಲಿ ನಿಂತು ರೋಡು ನೋಡುತ್ತಿರುತ್ತಾರೆ. 2019ರಲ್ಲಿ ಬರೆದ ‘ಸದಾ ರಶ್, ಬಿಸಿಬಿಸಿ’ ಅನ್ನುವ ರಿವ್ಯೂ ಸುಳ್ಳಲ್ಲ, ಆದರೆ ಈಗ ಅದು ಕೆಲಸಕ್ಕೆ ಬಾರದು. ಜನ ಕಮ್ಮಿಯಾದರೆ ಮಾಡಿದ್ದು ಪಾತ್ರೆಯಲ್ಲೇ ಕೂರುತ್ತದೆ. ಹಾಗಂತ ಎಲ್ಲವೂ ಹಾಳಾಗಿಲ್ಲ. ಅಕ್ಕಪಕ್ಕದವರು ಸ್ಟೀಲ್ ಡಬ್ಬಿ ತಂದು ಸಾರು ಹಾಕಿಸಿಕೊಂಡು ಹೋಗುವ ಹೋಟೆಲ್ ಕಂಡರೆ ಕಣ್ಣು ಮುಚ್ಚಿಕೊಂಡು ಬೈಕ್ ನಿಲ್ಲಿಸಿ.

ಹಾಗೆ ನಿಲ್ಲಿಸಿದ ಒಂದು ಮೆಸ್ ಮಂಡ್ಯದ ಒಳರಸ್ತೆಯಲ್ಲಿದೆ. ನಾಲ್ಕು ಟೇಬಲ್, ಬೋರ್ಡಿಲ್ಲ, ಮ್ಯಾಪಿನಲ್ಲೂ ಇಲ್ಲ. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆ ಮುಂದೆ. ಮಧ್ಯಾಹ್ನ ಹನ್ನೆರಡೂವರೆಗೆ ಮೊದಲ ಮುದ್ದೆ ಇಳಿಯುತ್ತದೆ. ನಾನು ಮೊದಲು ನೋಡುವುದು ಮುದ್ದೆಯ ಮೈ. ಹೊಳೆಯಬೇಕು. ಮುರಿದಾಗ ಒಳಗಿಂದ ಹಬೆ ಬರಬೇಕು, ಗಂಟು ಸಿಗಬಾರದು, ಸಾರಿನಲ್ಲಿ ಅದ್ದಿದ ಬೆರಳಿಗೆ ಮೆತ್ತಿಕೊಳ್ಳಬಾರದು. ಆಮೇಲೆ ಸಾರು. ಸೋಮವಾರ ಅಲ್ಲಿ ಮಾಂಸ ಇಲ್ಲ, ಉಪ್ಪೆಸ್ರು ಖಾರ ಇಲ್ಲವೇ ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು, ಅದಕ್ಕೆ ಅರೆದ ಖಾರ, ಬಸಿದ ಸೊಪ್ಪು ಪಕ್ಕದಲ್ಲಿ ಪಲ್ಯವಾಗಿ. ಇಷ್ಟರಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ನಾಟಿ ಕೋಳಿ ಸಾರಿಗಾದರೆ ಮಸಾಲೆ ಜಾಸ್ತಿ ಸುರಿದು ಬಚಾವಾಗಬಹುದು, ಬಸ್ಸಾರಿಗೆ ಆಗಲ್ಲ. ಅದಕ್ಕೇ ಮಂಡ್ಯದ ಹೋಟೆಲನ್ನು ನಾನು ಸೋಮವಾರ ಅಳೆಯುತ್ತೇನೆ, ಭಾನುವಾರ ಅಲ್ಲ.

ಅರ್ಧ ಮುದ್ದೆ ಇಳಿದಿರುತ್ತದೆ, ಅಷ್ಟರಲ್ಲಿ ಆ ತಾಯಿ ‘ಇನ್ನೊಂದ್ ಇಕ್ಲಾ ಅಣ್ಣ?’ ಅನ್ನುತ್ತಾರೆ. ಸಾಕು ಅಂದರೆ, ‘ಇಷ್ಟಕ್ಕೆ ಗಾಡಿ ಓಡ್ಸಕಾದದಾ?’ ಅಂತ ಇಕ್ಕಿಯೇಬಿಡುತ್ತಾರೆ. ಇದಕ್ಕೆ ಎಷ್ಟು ಸ್ಟಾರ್ ಕೊಡಲಿ ಹೇಳಿ. ಅದನ್ನು ಮ್ಯಾಪಿಗೆ ಸೇರಿಸೋಣ ಅಂತ ಒಮ್ಮೆ ಕೇಳಿದೆ. ‘ಬ್ಯಾಡ ಬುಡಣ್ಣ, ಇರೋರ್ಗೇ ಸಾಲಲ್ಲ’ ಅಂದರು. ಸೇರಿಸಿಲ್ಲ.

ನೀವು ಬರೆಯುವಾಗ ದೊಡ್ಡ ಮಾತು ಬೇಡ. ‘ಮಂಗಳವಾರ ಬೆಳಿಗ್ಗೆ ಎಂಟೂಕಾಲು, ಖಾಲಿ ದೋಸೆ, ಇಷ್ಟು ರೂಪಾಯಿ, ಚಟ್ನಿ ಎರಡನೇ ಸಲ ಕೇಳಿದಾಗ ಮುಖ ಗಂಟು ಹಾಕಲಿಲ್ಲ’ ಅಂತ ಬರೆದರೆ ಓದುವವನಿಗೆ ಅದಕ್ಕಿಂತ ಏನು ಬೇಕು? ‘ರುಚಿ ಸೂಪರ್’ ಅಂದರೆ ಏನೂ ಹೇಳಿದಂತಾಗಲಿಲ್ಲ. ಕೆಟ್ಟದ್ದು ಬರೆಯುವ ಮುಂಚೆ ಇನ್ನೊಂದು ಸಲ, ಬೇರೆ ಹೊತ್ತಲ್ಲಿ ಹೋಗಿ ಬನ್ನಿ. ಹುಳಿ ಚಟ್ನಿ, ಕೂದಲು, ಹಳಸಿದ ಅನ್ನ ಇಂಥದ್ದಾದರೆ ಮೊದಲು ಗಲ್ಲಾದಲ್ಲಿ ಹೇಳಿ, ಅವರು ಏನಂದರು ಅನ್ನುವುದನ್ನೂ ಬರೆಯಿರಿ. ದಸರಾ ಹತ್ತು ದಿನ ಏನೂ ಬರೆಯಬೇಡಿ. ಆಗ ಯಾವ ಅಡುಗೆಮನೆಯೂ ತನ್ನ ಹದದಲ್ಲಿರುವುದಿಲ್ಲ, ಎಲೆ ಎತ್ತುವವರಿಂದ ಹಿಡಿದು ಎಲ್ಲರೂ ಹೊಸಬರು. ಆ ದಿನಗಳಲ್ಲಿ ನಾನು ಆಹಾರ ಮೇಳಕ್ಕೆ ಹೋಗಿ ಬೊಂಬು ಬಿರಿಯಾನಿ ತಿಂದುಕೊಂಡು ಸುಮ್ಮನಿರುತ್ತೇನೆ.

ಬಿಲ್ ಮೇಲೂ ಒಂದು ಕಣ್ಣಿರಲಿ. ಸಾಮಾನ್ಯ ರೆಸ್ಟೋರೆಂಟ್‌ಗೆ ಜಿಎಸ್‌ಟಿ 5%. ಅದರ ಮೇಲೆ ಸರ್ವಿಸ್ ಚಾರ್ಜ್ ಹಾಕಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಅನ್ನಬಹುದು. ದರ್ಶಿನಿಗಳಲ್ಲಿ ಈ ತಲೆನೋವಿಲ್ಲ.

ರಾತ್ರಿ ಹತ್ತರ ಮೇಲೆ ಎಲ್ಲಿ ಅಂದಿರಲ್ಲ, ಅದಕ್ಕೆ ಮಾತ್ರ ನಾನು ಲಾಯಕ್ಕಲ್ಲ. ಆ ಹೊತ್ತಿಗೆ ಸಾಂಬಾರಿಗೆ ಎಷ್ಟು ಸಲ ಬಿಸಿನೀರು ಬಿದ್ದಿರುತ್ತದೆ ಅಂತ ಗೊತ್ತಿರುವುದರಿಂದ ನಾನು ಮನೆಗೆ ಹೋಗಿ ಮೊಸರನ್ನ ಉಣ್ಣುತ್ತೇನೆ. ಡ್ಯೂಟಿ ಮುಗಿಸಿ ಬರುವ ದಾರಿಯಲ್ಲಿ ಎಗ್ ರೈಸ್ ಗಾಡಿಗಳಿರುತ್ತವೆ, ಕಣ್ಣೆದುರೇ ಬಾಣಲೆಗೆ ಹಾಕಿಸಿಕೊಳ್ಳಿ. ಅನ್ನ ಮಾತ್ರ ಯಾವಾಗ ಮಾಡಿದ್ದು ಅಂತ ಕೇಳಿ.